ಚೆನ್ನಾಜಮ್ಮನ ಕೆನ್ನೆಯ ಆಳ

ನಮ್ಮೂರಿನಲ್ಲಿ ಗಾಯ ಒಂದೇ ಸಲ ಮಾಯುತ್ತದೆ. ಹುಟ್ಟಿದ ಪ್ರತಿಯೊಬ್ಬರಿಗೂ ಒಂದು, ಅಷ್ಟೇ. ಸೂಜಿ ಚುಚ್ಚಿದ್ದು, ಸೊಳ್ಳೆ ಕಚ್ಚಿದ್ದು ಲೆಕ್ಕಕ್ಕಿಲ್ಲ. ಅಕ್ಕಿಕಾಳಿಗಿಂತ ಉದ್ದ ಸೀಳಿದರೆ ಮಾತ್ರ ಲೆಕ್ಕ. ಮೊದಲನೆಯದು ಏಳು ದಿನಕ್ಕೆ ನೀಟಾಗಿ ಕೂಡಿಕೊಳ್ಳುತ್ತದೆ. ಎರಡನೆಯದು ಎಂದಿಗೂ ಕೂಡುವುದಿಲ್ಲ. ಕೊಳೆಯುವುದೂ ಇಲ್ಲ, ಒಣಗುವುದೂ ಇಲ್ಲ, ಈಗಷ್ಟೇ ಆದ ಹಾಗೆ ಹಸಿಯಾಗಿ ಉಳಿಯುತ್ತದೆ. ಚಿಕ್ಕದಾದರೆ ದಿನಾ ಬೆಳಿಗ್ಗೆ ತೊಳೆದು ಪಟ್ಟಿ ಕಟ್ಟಿಕೊಂಡು ಬದುಕಬಹುದು. ದೊಡ್ಡದಾದರೆ ಬದುಕುವ ಮಾತೇ ಇಲ್ಲ.

ಹೀಗಾಗಿ ನಮ್ಮಲ್ಲಿ ಈಳಿಗೆಮಣೆ ಇಲ್ಲ, ಚಾಕು ಇಲ್ಲ. ಹುರುಳಿಕಾಯಿಯನ್ನು ಕೈಯಲ್ಲೇ ಮುರಿಯುತ್ತೇವೆ, ಕುಂಬಳಕಾಯಿಯನ್ನು ದಾರ ಎಳೆದು ಹೋಳು ಮಾಡುತ್ತೇವೆ. ಗಂಡಸರೆಲ್ಲ ಗಡ್ಡ ಬಿಟ್ಟಿದ್ದಾರೆ, ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು ಒಪ್ಪುವುದಿಲ್ಲ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಕ್ಕೂ ಮೊದಲು, ಮಾಯುವ ಆ ಒಂದು ಗಾಯ ಇನ್ನೂ ಇದೆಯೋ ಕಳೆದಿದೆಯೋ ಎಂದು ಕೇಳುತ್ತಾರೆ. ಮಕ್ಕಳಿಗೆ ಅಮ್ಮ ಅನ್ನುವುದಕ್ಕೂ ಮುಂಚೆ ನಾವು ಕಲಿಸುವುದು ‘ಬಿಗಿ’. ಮೈಯ ಹತ್ತಿರ ಏನೇ ಬರಲಿ, ತಾಯಿ ‘ಬಿಗಿ’ ಎನ್ನುತ್ತಾಳೆ, ಮಗು ಮೈಯೆಲ್ಲ ಬಿಗಿಹಿಡಿಯುತ್ತದೆ. ಬಿಗಿ ಹಿಡಿದ ಚರ್ಮ ಬೇಗ ಹರಿಯುವುದಿಲ್ಲ ಎಂಬುದು ನಮ್ಮವರ ನಂಬಿಕೆ. ದೊಡ್ಡವರಾದ ಮೇಲೆ ಯಾರೂ ಹೇಳಬೇಕಾಗಿಲ್ಲ. ಬಳೆಗಾರ ಕೈ ಹಿಡಿದರೂ ನಮ್ಮ ಹಲ್ಲು ತಾನಾಗಿಯೇ ಕಚ್ಚಿಕೊಳ್ಳುತ್ತದೆ.

ನನ್ನ ಗಾಯ ಹದಿನೇಳನೆಯ ವಯಸ್ಸಿಗೇ ಕಳೆಯಿತು. ಕತ್ತಿನ ಮೇಲೆ ಒಂದು ಮಚ್ಚೆ ಕಪ್ಪಗೆ ಬೆಳೆಯುತ್ತಿತ್ತು. ಊರ ಆಸ್ಪತ್ರೆಯ ಡಾಕ್ಟರ್ ರುದ್ರಮುನಿ ಆಗಿನ್ನೂ ತಲೆ ನೆರೆಯದ ಮನುಷ್ಯ. ‘ಕೊಯ್ದು ನೋಡಿಬಿಡೋಣ’ ಎಂದರು, ಕೊಯ್ದರು, ನೋಡಿದರು. ಏನೂ ಇರಲಿಲ್ಲ, ಬರೀ ಮಚ್ಚೆ. ಅಮ್ಮ ಮೂರು ದಿನ ಅತ್ತಳು. ಆಮೇಲೆ ಅದೇ ಆಸ್ಪತ್ರೆಯಲ್ಲಿ ನಾನು ಸ್ಕ್ಯಾನಿಂಗ್ ಕೆಲಸಕ್ಕೆ ಸೇರಿದೆ. ಮೂವತ್ತೊಂದನೆಯ ವಯಸ್ಸಿನಲ್ಲಿ ಒಂದು ಗಾಜಿನ ಸೀಸೆ ಒಡೆದು ಎಡ ಅಂಗೈ ಸೀಳಿತು. ಅದಕ್ಕೀಗ ಹನ್ನೊಂದು ವರ್ಷ. ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಅದು ನನ್ನನ್ನು ನೋಡುತ್ತದೆ, ನಾನು ಅದನ್ನು ನೋಡುತ್ತೇನೆ, ಇಬ್ಬರಿಗೂ ಬೇಸರ ಬಂದಿದೆ.

ಬಸುರಿಯರ ಹೊಟ್ಟೆ ನೋಡುತ್ತಿದ್ದ ನಮ್ಮ ಯಂತ್ರಕ್ಕೆ ಚರ್ಮ ನೋಡುವ ಸಣ್ಣ ಪ್ರೋಬ್ ಒಂದು ಸಿಗುತ್ತದೆ ಎಂದು ನಾನು ಎಲ್ಲೋ ಓದಿದೆ. ಹೊಟ್ಟೆಯಲ್ಲಿರುವ ಕೂಸನ್ನು ಕೊಯ್ಯದೆ ನೋಡಬಹುದಾದರೆ ಚರ್ಮದ ಕೆಳಗಿನ ಗಂಟನ್ನು ಯಾಕೆ ನೋಡಬಾರದು? ಮೂರು ವರ್ಷ ಪತ್ರ ಬರೆದೆ. ಕೊನೆಗೆ ಹೆಬ್ಬೆರಳು ದಪ್ಪದ ಆ ವಸ್ತು ಬಂದ ದಿನ ರುದ್ರಮುನಿ ಡಾಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ ವಾರಿಜಾ? ಚರ್ಮದ ಕಾಯಿಲೆ ಕಣ್ಣಿಗೇ ಕಾಣುತ್ತಲ್ಲ.”

ನಾನು ಪಟ್ಟಿ ಕಟ್ಟಿದ ಎಡಗೈಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಪ್ರೋಬನ್ನು ನನ್ನ ಬಲಗೈಗೆ ಕೊಟ್ಟು ಹೊರಗೆ ಹೋದರು. ನಮ್ಮಿಬ್ಬರ ನಡುವೆ ಈ ವಿಷಯ ಇಪ್ಪತ್ತೈದು ವರ್ಷದಿಂದ ಹೀಗೇ ನಡೆದಿತ್ತು.

ಕೆಲಸ ದೊಡ್ಡದೇನಲ್ಲ. ಚರ್ಮದ ಮೇಲೆ ತಣ್ಣನೆಯ ಜೆಲ್ ದಪ್ಪಗೆ ಹಾಕಬೇಕು, ಪ್ರೋಬನ್ನು ಒತ್ತದೆ ಅದರ ಮೇಲೆ ತೇಲಿಸಬೇಕು. ನಮಗೆ ಕೇಳಿಸದ ಸದ್ದು ಒಳಗೆ ಹೋಗಿ ಬಡಿದು ಹಿಂದಿರುಗುತ್ತದೆ, ಪರದೆಯ ಮೇಲೆ ಚಿತ್ರವಾಗುತ್ತದೆ. ಮೇಲೊಂದು ಬೆಳ್ಳನೆಯ ಗೆರೆ, ಕೆಳಗೆ ಬೂದುಬಣ್ಣದ ಚರ್ಮ, ಅದರ ಕೆಳಗೆ ಕಪ್ಪನೆಯ ಕೊಬ್ಬು. ಮೊದಲ ತಿಂಗಳಲ್ಲೇ ಕರಿಬಸಪ್ಪ ಮೇಷ್ಟ್ರ ಬೆನ್ನಿನ ಗಂಟು ಬರೀ ಕೊಬ್ಬು ಎಂದು ಗೊತ್ತಾಯಿತು. ಎಂಟು ವರ್ಷದಿಂದ ಭಯಕ್ಕೆ ಮಗ್ಗುಲಾಗಿಯೇ ಮಲಗುತ್ತಿದ್ದವರು ಅವತ್ತು ಮನೆಗೆ ಹೋಗಿ ಅಂಗಾತ ಮಲಗಿ ಮಾರನೆಯ ಮಧ್ಯಾಹ್ನದವರೆಗೂ ಏಳಲಿಲ್ಲವಂತೆ. ಮೊಣಕೈಯಲ್ಲಿ ಚರ್ಮ ದಪ್ಪಗಾಗಿ ಹೊಟ್ಟು ಉದುರುತ್ತಿದ್ದ ಒಬ್ಬಾಕೆಗೆ ಮುಲಾಮು ಹಚ್ಚಿದ ಮೇಲೆ ಅದು ವಾರವಾರಕ್ಕೂ ಎಷ್ಟು ತೆಳುವಾಯಿತೆಂದು ಅಳೆದು ತೋರಿಸುತ್ತಿದ್ದೆ. ಕಣ್ಣಾರೆ ಕಂಡ ಮೇಲೆ ಆಕೆ ಒಂದು ದಿನವೂ ಮುಲಾಮು ತಪ್ಪಿಸಲಿಲ್ಲ. ಆರು ತಿಂಗಳಲ್ಲಿ ನಲವತ್ತಮೂರು ಜನ ಬಂದರು, ಯಾರ ಗಾಯವೂ ಕಳೆಯಲಿಲ್ಲ. ನನ್ನ ಕಾಲು ನೆಲದ ಮೇಲಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಆಗ ಬಂದವರು ಚೆನ್ನಾಜಮ್ಮ. ಊರಿನ ಅಡುಗೆಮನೆಗಳಲ್ಲಿ ಕೊಯ್ಯುವ ದಾರವೆಲ್ಲ ಅವರ ಕೈಯದೇ. ನೂಲನ್ನು ಹುಣಸೆಬೀಜದ ಗಂಜಿಯಲ್ಲಿ ಅದ್ದಿ, ಅಂಗೈಯಲ್ಲಿ ಹೊಸೆದು, ಮೇಣ ಸವರಿ, ಕಬ್ಬಿಣದ ತಂತಿಯ ಹಾಗೆ ಮಾಡಿಕೊಡುತ್ತಿದ್ದರು. ವಯಸ್ಸು ಅರವತ್ತೊಂದು, ಗಾಯ ಇನ್ನೂ ಹಾಗೆಯೇ ಇದೆ. ಆ ವಯಸ್ಸಿಗೆ ಗಾಯ ಉಳಿಸಿಕೊಂಡವರು ಇಡೀ ಊರಿನಲ್ಲಿ ಆರೋ ಏಳೋ ಮಂದಿ. ಅದರ ಜಂಬವೂ ಅವರಿಗೆ ಸಾಕಷ್ಟಿತ್ತು. ಬಲಗೆನ್ನೆಯಲ್ಲಿ, ಮೂಗಿನ ಪಕ್ಕದಲ್ಲಿ, ತೊಗರಿಬೇಳೆಯಷ್ಟು ಗುಳ್ಳೆ ಎದ್ದು ಎರಡು ವರ್ಷವಾಗಿತ್ತು. ಮೇಲೆ ಹೊಳಪು, ನಡುವೆ ಸಣ್ಣ ಕುಳಿ.

ಡಾಕ್ಟರು ನೋಡಿದವರೇ ಮುಖ ಗಂಟಿಕ್ಕಿದರು. “ಇದು ತೆಗೀಲೇಬೇಕಾದ್ದು ಚೆನ್ನಾಜಮ್ಮ. ಚರ್ಮದ ಕ್ಯಾನ್ಸರ್, ನಿಧಾನಕ್ಕೆ ಬೆಳೆಯೋ ಜಾತಿ. ಬಿಟ್ಟರೆ ಮೂಗು ತಿನ್ನುತ್ತೆ, ಆಮೇಲೆ ಕಣ್ಣಿಗೆ ಹೋಗುತ್ತೆ.”

“ತೆಗೀರಿ ಮತ್ತೆ. ಅರವತ್ತು ವರ್ಸದಿಂದ ಕಾದಿಟ್ಟಿರೋದು ಇಂಥದ್ಕೇ ಅಲ್ವಾ?”

“ಕೊಯ್ಯೋಕೆ ಇರೋದು ಒಂದೇ ಅವಕಾಶ. ಕಮ್ಮಿ ಕೊಯ್ದರೆ ಬೇರು ಒಳಗೇ ಉಳಿಯುತ್ತೆ, ಮತ್ತೆ ಚಾಕು ಹಾಕೋ ಹಾಗಿಲ್ಲ. ಜಾಸ್ತಿ ಕೊಯ್ದರೆ ನಿಮ್ಮ ಬಾಯಿ ಸೊಟ್ಟ ಆಗುತ್ತೆ. ಎಲ್ಲಿವರೆಗೆ ಹೋಗಿದೆ ಅಂತ ವಾರಿಜ ಹೇಳಲಿ.”

ಇಪ್ಪತ್ತೈದು ವರ್ಷದಲ್ಲಿ ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮೂರು ದಿನ, ಮೂರು ಸಲ ಅಳೆದೆ. ಚೆನ್ನಾಜಮ್ಮ ಹಾಸಿಗೆಯ ಮೇಲೆ ಮರದ ಕೊರಡಿನ ಹಾಗೆ ಮಲಗುತ್ತಿದ್ದರು, ಹಲ್ಲು ಕಚ್ಚಿ, ಉಸಿರು ಹಿಡಿದು. ಎಲ್ಲರೂ ಹಾಗೆಯೇ ಮಲಗುತ್ತಿದ್ದರು, ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಪರದೆಯ ಮೇಲೆ ಗುಳ್ಳೆ ದುಂಡಗೆ, ಅಚ್ಚುಕಟ್ಟಾಗಿ, ಎರಡು ಮಿಲಿಮೀಟರ್ ಆಳಕ್ಕೆ ನಿಂತಿತ್ತು. ಮೂರೂ ದಿನ ಅದೇ ಎರಡು. ಡಾಕ್ಟರು ಕಡತದಲ್ಲಿ ಹುಣಸೆಬೀಜದಷ್ಟು ಅಗಲದ ಒಂದು ವೃತ್ತ ಬರೆದು, ಶುಕ್ರವಾರ ಬೆಳಿಗ್ಗೆ ಎಂದು ನಿಶ್ಚಯ ಮಾಡಿದರು.

ಗುರುವಾರ ಮಧ್ಯಾಹ್ನ ಚೆನ್ನಾಜಮ್ಮ ಒಂದು ಬುಟ್ಟಿ ನೂಲು ಹೊತ್ತು ನನ್ನ ಕೋಣೆಗೆ ಬಂದರು. ಆಸ್ಪತ್ರೆಯ ಅಡುಗೆಮನೆಗೆ ಕೊಡಬೇಕಾದ ದಾರ ಇನ್ನೂ ಅರ್ಧ ಬಾಕಿ ಇತ್ತು. ನಾಳೆ ಕೊಯ್ದ ಮೇಲೆ ಏಳು ದಿನ ಮನೆ ಬಿಟ್ಟು ಹೊರಡುವಂತಿಲ್ಲ, ಆದ್ದರಿಂದ ಅಲ್ಲೇ ಬೆಂಚಿನ ಮೇಲೆ ಕೂತು ಮುಗಿಸುತ್ತೇನೆ ಎಂದರು. ಗಂಜಿಯ ಬಟ್ಟಲು ಮಡಿಲಲ್ಲಿ, ಕಣ್ಣು ಅರ್ಧ ಮುಚ್ಚಿ, ಅಂಗೈಯಲ್ಲಿ ನೂಲು ಹೊಸೆಯುತ್ತ ಕೂತರು. ಕಡತಕ್ಕೆ ಇನ್ನೊಂದು ಚಿತ್ರವಿದ್ದರೆ ಚೆನ್ನಾಗಿರುತ್ತದೆ ಎನ್ನಿಸಿ, ಹಾಸಿಗೆಗೆ ಬನ್ನಿ ಎಂದು ಕರೆದೆ.

“ಈಗ ಕೈ ನಿಲ್ಸಿದ್ರೆ ಗಂಜಿ ಒಣಗೋಯ್ತದೆ ಕಣವ್ವ. ನಿನ್ ಕೆಲ್ಸ ನೀನು ಮಾಡು, ನನ್ ಕೆಲ್ಸ ನಾನು ಮಾಡ್ತೀನಿ.”

ಯಂತ್ರವನ್ನೇ ಬೆಂಚಿನ ಹತ್ತಿರ ತಳ್ಳಿಕೊಂಡು ಹೋದೆ. ಕೆನ್ನೆಗೆ ಜೆಲ್ ಹಾಕಿದರೂ ಅವರ ಕೈ ನಿಲ್ಲಲಿಲ್ಲ. ಕೆಳತುಟಿ ಸ್ವಲ್ಪ ಜೋತುಬಿದ್ದಿತ್ತು, ಎದೆಯ ಏರಿಳಿತ ನಿಧಾನವಾಗಿತ್ತು. ಪ್ರೋಬ್ ತೇಲಿಸಿ ಪರದೆ ನೋಡಿದೆ.

ದುಂಡಗಿದ್ದ ಆ ಕಪ್ಪು ಆಕಾರಕ್ಕೆ ಬಾಲ ಬಂದಿತ್ತು. ಗುಳ್ಳೆಯ ಅಡಿಯಿಂದ ಹೊರಟು, ಮೂಗಿನ ಕಡೆಗೆ ಓರೆಯಾಗಿ ಇಳಿದು, ಸುಮಾರು ಐದು ಮಿಲಿಮೀಟರ್ ಆಳಕ್ಕೆ ಹೋಗಿತ್ತು. ಅದರ ಉದ್ದಕ್ಕೂ ಸಕ್ಕರೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು. ಅಂಥ ಚುಕ್ಕಿಗಳಿದ್ದರೆ ಅದು ಹಟಮಾರಿ ಜಾತಿ ಎಂದು ಓದಿದ್ದೆ. ಯಂತ್ರ ಕೆಟ್ಟಿತೇ ಎಂದು ಆರಿಸಿ ಹಚ್ಚಿದೆ. ಬಾಲ ಅಲ್ಲೇ ಇತ್ತು. ಆಮೇಲೆ ಯಾಕೆ ಹಾಗೆ ಮಾಡಿದೆನೋ ತಿಳಿಯದು, ಮೆಲ್ಲಗೆ ಒಂದು ಮಾತು ಹೇಳಿದೆ.

“ಬಿಗಿ.”

ಅರವತ್ತು ವರ್ಷದ ಅಭ್ಯಾಸ. ಚೆನ್ನಾಜಮ್ಮನ ಹಲ್ಲು ಕಚ್ಚಿಕೊಂಡಿತು, ಕೆನ್ನೆ ಸೆಟೆಯಿತು, ನೂಲು ನಿಂತಿತು. ಪರದೆಯ ಮೇಲೆ ಚರ್ಮ ಚಪ್ಪಟೆಯಾಗಿ ಬಾಲ ಅದರೊಳಗೆ ಅಡಗಿಹೋಯಿತು. ಮತ್ತೆ ಅದೇ ದುಂಡನೆಯ, ಅಚ್ಚುಕಟ್ಟಾದ ಬೇಳೆ.

ನಲವತ್ತಮೂರು ಜನ. ಅಷ್ಟೂ ಜನರನ್ನು ನಾನು ಬಿಗಿ ಹಿಡಿದ ಮೈಯಲ್ಲೇ ಅಳೆದಿದ್ದೆ. ಬೇರೆ ಊರಿನವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಅಲ್ಲಿನ ಜನ ಸುಮ್ಮನೆ ಮಲಗುತ್ತಾರೆ. ನಾನು ಒತ್ತಬಾರದೆಂದು ಪ್ರೋಬನ್ನು ಗಾಳಿಯಲ್ಲಿ ಹಿಡಿದ ಹಾಗೆ ಹಿಡಿದಿದ್ದೆ, ಆದರೆ ಅವರ ಮೈಯೇ ಒಳಗಿನಿಂದ ಒತ್ತುತ್ತಿತ್ತು. ನಾಳೆ ಆ ಹುಣಸೆಬೀಜದಷ್ಟನ್ನು ಕೊಯ್ದಿದ್ದರೆ ಬಾಲ ಒಳಗೇ ಉಳಿಯುತ್ತಿತ್ತು, ಚೆನ್ನಾಜಮ್ಮನ ಗಾಯ ಕಳೆಯುತ್ತಿತ್ತು, ಅವರಿಗೆ ಇನ್ನೊಂದು ದಾರಿ ಇರುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಡಾಕ್ಟರ ಕೋಣೆಗೆ ಹೋಗುವ ಹದಿನೆಂಟು ಹೆಜ್ಜೆಯಲ್ಲಿ ಏನೇನು ನೆಪ ಹೇಳಬಹುದೆಂದು ಯೋಚಿಸಿದೆ. ಒಂದೂ ನಿಲ್ಲಲಿಲ್ಲ.

“ಅಳತೆ ತಪ್ಪಾಗಿದೆ ಡಾಕ್ಟ್ರೇ. ಯಂತ್ರದ್ದಲ್ಲ, ನಂದೇ ತಪ್ಪು. ಚೆನ್ನಾಜಮ್ಮಂದು ಮಾತ್ರ ಅಲ್ಲ, ಎಲ್ಲಾರ್ದೂ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿನ್ನೆ ಒಂದು ಹೇಳ್ತೀಯ, ಇವತ್ತೊಂದು ಹೇಳ್ತೀಯ. ಯಾವ್ದು ನಂಬಿ ನಾನು ಚಾಕು ಹಿಡೀಲಿ?”

“ನನ್ನ ನಂಬಬೇಡಿ. ಬಂದು ನೋಡಿ.”

ಬಂದು ನಿಂತರು. ನಾನು ‘ಬಿಗಿ’ ಎಂದೆ, ಬಾಲ ಹೋಯಿತು. ಚೆನ್ನಾಜಮ್ಮ ಮತ್ತೆ ನೂಲು ಹೊಸೆಯಲು ತೊಡಗಿದರು, ಬಾಲ ಬಂತು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ತೋರಿಸಿದೆ. ನಾಲ್ಕನೆಯ ಸಲ ಚೆನ್ನಾಜಮ್ಮನಿಗೇ ಸಿಟ್ಟು ಬಂತು.

“ನನ್ ಮಕಾ ಏನ್ ಕುಲ್ಮೆ ತಿದಿ ಅಂದ್ಕಂಡ್ರಾ? ಬಿಗಿ ಅಂತೀರಾ, ಬಿಡು ಅಂತೀರಾ. ಒಳಗೇನೈತೆ ಅಂತ ನಂಗೂ ಒಸಿ ಹೇಳಿ.”

ಅವರಿಗೆ ಪರದೆ ತೋರಿಸಿ ಎಲ್ಲವನ್ನೂ ಹೇಳಿದೆ. ಬಾಲದ ಜೊತೆ ತೆಗೆಯಬೇಕಾದರೆ ಕೊಯ್ತ ಮೂಗಿನ ಬುಡದವರೆಗೂ ಹೋಗುತ್ತದೆ, ನಕ್ಕರೆ ಬಾಯಿ ಒಂದು ಕಡೆ ಎಳೆಯಬಹುದು ಎಂದು ಡಾಕ್ಟರು ಸೇರಿಸಿದರು. ನಾನು ನನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಚೆನ್ನಾಜಮ್ಮ ಪರದೆಯ ಹತ್ತಿರ ಬಗ್ಗಿ ಬಾಲದ ಮೇಲೆ ಬೆರಳಿಟ್ಟರು.

“ಹುತ್ತ ಬಡಿದ್ರೆ ಹಾವು ಸಾಯ್ತದಾ? ಕೊಯ್ಯೋದಾದ್ರೆ ಬಾಲದ ಸಮೇತ ಕೊಯ್ರಿ. ಆದ್ರೆ ಒಂದ್ ಮಾತು. ನಾಳೆ ನನ್ ನೂಲು ನನ್ ಕೈಲಿರ್ಬೇಕು.”

ಒಬ್ಬರ ಗಾಯ ಕಳೆಯುವ ದಿನ ಅವರ ಬೀದಿಯಲ್ಲಿ ಯಾರೂ ಅಡುಗೆಮನೆಯಲ್ಲಿ ದಾರ ಎಳೆಯುವುದಿಲ್ಲ. ಪಟ್ಟಿ ಬಿಚ್ಚುವ ಏಳನೆಯ ದಿನದವರೆಗೂ ಅನ್ನ, ಮೊಸರು, ಕೈಯಲ್ಲಿ ಹಿಚುಕಿದ ಸೊಪ್ಪು, ಅಷ್ಟೇ ಊಟ. ಶುಕ್ರವಾರ ಬೆಳಿಗ್ಗೆ ಇಡೀ ಬೀದಿ ಆಸ್ಪತ್ರೆಯ ಅಂಗಳದಲ್ಲಿ ಕೂತಿತ್ತು. ಒಳಗೆ ಚೆನ್ನಾಜಮ್ಮ ಹಸಿರು ಬಟ್ಟೆ ಹೊದ್ದು ಮಲಗಿದ್ದರು. ಬಟ್ಟೆಯಡಿಯಲ್ಲಿ ಎರಡು ಕೈಗಳು ಒಣನೂಲನ್ನು ಹೊಸೆಯುತ್ತಲೇ ಇದ್ದವು. ತುಟಿ ಜೋತುಬಿದ್ದ ಮೇಲೆ ನಾನು ಪ್ರೋಬ್ ಇಟ್ಟೆ. ಬಾಲ ಹೋದಲ್ಲೆಲ್ಲ ನಾನು ಹೇಳಿದ ಹಾಗೆ ಡಾಕ್ಟರು ನೀಲಿ ಶಾಯಿಯಲ್ಲಿ ಗೆರೆ ಎಳೆದರು. ವೃತ್ತ ಹೋಗಿ ಮಾವಿನಕಾಯಿಯ ಆಕಾರ ಬಂತು.

“ಇಲ್ಲಿಗೆ ಮುಗೀತಾ?”

“ಇನ್ನೊಂದೆಳೆ ಮೂಗಿನ ಕಡೆಗೆ.”

“ಇಲ್ಲಿಗೆ?”

“ಅಲ್ಲಿಗೆ.”

ಕೆನ್ನೆ ಮರಗಟ್ಟುವ ಸೂಜಿ ಹಾಕಿ ಕೊಯ್ದರು. ಮೂವತ್ತು ವರ್ಷದಲ್ಲಿ ಇನ್ನೂರು ಜನರನ್ನೂ ಕೊಯ್ಯದ ಕೈ ಅದು, ಆದರೆ ಒಂದೆಳೆಯಷ್ಟೂ ಅಲುಗಲಿಲ್ಲ. ನಾನು ಅವರ ಕೈ ನೋಡಲಿಲ್ಲ, ಬಟ್ಟೆಯಡಿಯ ನೂಲನ್ನೇ ನೋಡುತ್ತಿದ್ದೆ. ಅದು ಒಮ್ಮೆಯೂ ನಿಲ್ಲಲಿಲ್ಲ.

ಗಾಯ ಕೂಡುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಒಳಗೆ ಏನಾದರೂ ಉಳಿಯಿತೇ ಎಂಬುದೇ ಪ್ರಶ್ನೆ. ತೆಗೆದ ತುಂಡನ್ನು ಗುಡ್ಡದಾಚೆಯ ಪ್ರಯೋಗಾಲಯಕ್ಕೆ ಕಳಿಸಿದ್ದೆವು, ಉತ್ತರ ಬರಲು ಆರು ದಿನ ಬೇಕಿತ್ತು. ಸುಮ್ಮನೆ ಕೂತರೆ ತಲೆ ಕೆಡುತ್ತದೆಂದು ನಲವತ್ತಮೂರು ಜನರಿಗೂ ಹೇಳಿ ಕಳಿಸಿದೆ: ಮತ್ತೆ ಬನ್ನಿ, ಬರುವಾಗ ನಿಮ್ಮ ಕೆಲಸ ತನ್ನಿ. ಸೋಮವಾರ ನನ್ನ ಬಾಗಿಲ ಮುಂದಿನ ಸಾಲು ನೋಡಬೇಕಿತ್ತು. ಒಬ್ಬಾಕೆ ಅವರೆಕಾಳು ಬಿಡಿಸುತ್ತಿದ್ದಳು, ಒಬ್ಬ ಬುಟ್ಟಿ ಹೆಣೆಯುತ್ತಿದ್ದ, ಒಬ್ಬಳು ತನ್ನ ತಂಗಿಯ ಜಡೆ ಹಾಕುತ್ತಿದ್ದಳು. ಕರಿಬಸಪ್ಪ ಮೇಷ್ಟ್ರು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಬೋರಲು ಮಲಗಿದರು. ಅವರ ಕೊಬ್ಬು ಕೊಬ್ಬೇ ಆಗಿತ್ತು, ಆದರೆ ಒಂದು ಮಗುವಿಗೆ ನೂರಕ್ಕೆ ನೂರಹತ್ತು ಬಿದ್ದಿತ್ತು. ಒಟ್ಟು ಇಬ್ಬರ ಆಳ ಮಾತ್ರ ಬದಲಾಗಿತ್ತು. ಒಬ್ಬನಿಗೆ ಮಾತ್ರೆ ಹೆಚ್ಚಿಸಿದರೆ ಸಾಕಾಯಿತು, ಇನ್ನೊಬ್ಬನ ಕಂಕುಳ ಕುರು ಚರ್ಮದಡಿ ಕೊರೆದಿದ್ದ ಸುರಂಗ ಸಕಾಲಕ್ಕೆ ಸಿಕ್ಕಿತು. ಇಷ್ಟು ಜನ ಮೈ ಸಡಿಲ ಬಿಟ್ಟು ಒಂದೆಡೆ ಕೂತದ್ದನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ.

ಗುರುವಾರ ಸಂಜೆ ಲಕೋಟೆ ಬಂತು. ಡಾಕ್ಟರು ತಾವು ಒಡೆಯದೆ ನನಗೆ ಕೊಟ್ಟರು. ನಾಲ್ಕು ಸಾಲಿತ್ತು. ಹಟಮಾರಿ ಜಾತಿಯೇ ಹೌದು. ಸುತ್ತಲಿನ ಅಂಚು, ತಳ, ಎಲ್ಲವೂ ಶುಭ್ರ. ಬಾಲದ ತುದಿಯಿಂದ ಅಂಚಿಗೆ ಎರಡು ಮಿಲಿಮೀಟರ್ ಬಿಡುವು. ಡಾಕ್ಟರು ಕಡತ ತೆಗೆದು, ಹೊಸ ಚಿತ್ರದ ಮೇಲೆ ತಮ್ಮ ಹಳೆಯ ವೃತ್ತವನ್ನು ಇಟ್ಟು ನೋಡಿದರು. ಬಾಲದ ಮುಕ್ಕಾಲು ಭಾಗ ವೃತ್ತದ ಹೊರಗಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತರು.

“ನಿನ್ನ ಕತ್ತಿನ ಮಚ್ಚೆ ಕೊಯ್ದ ದಿನ ನನ್ನ ಹತ್ರ ಇದು ಇದ್ದಿದ್ರೆ,” ಎಂದರು. ಕಡತ ಮುಚ್ಚಿ, “ಇಪ್ಪತ್ತೈದು ವರ್ಷದಿಂದ ಹೇಳಬೇಕು ಅಂತಿದ್ದೆ. ತಪ್ಪು ನಂದು. ನಾನು ಅವಸರ ಮಾಡಿದೆ.”

ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ಎಡಗೈ ಕೊಡು ಎಂದು ಕೇಳಿ, ಹಳೆಯ ಪಟ್ಟಿ ಬಿಚ್ಚಿ ತಾವೇ ಹೊಸದನ್ನು ಕಟ್ಟಿದರು. ನಾನು ಕೈ ಬಿಗಿ ಹಿಡಿಯಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಪಟ್ಟಿ ಕಟ್ಟಿಸಿಕೊಳ್ಳುವಾಗ ನೋವಾಗಲಿಲ್ಲ. “ಅಂಗೈ ಹುಣ್ಣಿಗೂ ಕನ್ನಡಿ ಬೇಕಾಗುತ್ತೆ ಕಣಮ್ಮ,” ಎಂದು ಗಂಟು ಹಾಕಿದರು.

ಶುಕ್ರವಾರ ಬೆಳಿಗ್ಗೆ ಚೆನ್ನಾಜಮ್ಮನ ಹೊಸ್ತಿಲ ಮುಂದೆ ಪಟ್ಟಿ ಬಿಚ್ಚುವುದಕ್ಕೆ ಇಡೀ ಬೀದಿ ಸೇರಿತ್ತು. ಜಗಲಿಯ ಮೇಲೆ, ಇಬ್ಬರು ಹೊತ್ತು ತಂದ ಕುಂಬಳಕಾಯಿ. ಡಾಕ್ಟರು ಪಟ್ಟಿ ಬಿಚ್ಚಿದರು. ಮೂಗಿನ ಬುಡದಿಂದ ಕೆನ್ನೆಯ ನಡುವಿನವರೆಗೆ ತೆಳ್ಳನೆಯ ಗುಲಾಬಿ ಗೆರೆ, ಪೂರ್ತಿ ಕೂಡಿತ್ತು. ಒಳಗೂ ಏನಿಲ್ಲ, ಎಲ್ಲ ಬಂದಿದೆ ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಜನ ಹೋ ಎಂದರು. ಚೆನ್ನಾಜಮ್ಮ ಕನ್ನಡಿ ತರಿಸಿ ನೋಡಿಕೊಂಡು ನಕ್ಕರು. ಬಾಯಿಯ ಬಲತುದಿ ಸ್ವಲ್ಪ ಮೇಲಕ್ಕೆದ್ದಿತು. ಬೀದಿ ಗಪ್ಪೆಂದಿತು. ಡಾಕ್ಟರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

“ಏನ್ ಹಂಗ್ ನಿಂತ್ಕಂಡ್ರಿ?” ಎಂದರು ಚೆನ್ನಾಜಮ್ಮ. “ಅರವತ್ತೊಂದು ವರ್ಸ ಹಲ್ ಕಚ್ಕಂಡೇ ನಕ್ಕಿದ್ದೆ. ಇನ್ನೊಸಿ ದಿನ ಹಿಂಗ್ ನಗ್ತೀನಿ. ಯಾರಾನ ಆ ಕಾಯಿ ಹಿಡ್ಕಳ್ರಪ್ಪ.”

ಮಡಿಲಿನಿಂದ ದಾರ ತೆಗೆದು ಎರಡೂ ಕೈಗೆ ಸುತ್ತಿಕೊಂಡರು. ಆಪರೇಷನ್ ಮೇಜಿನ ಮೇಲೆ, ಹಸಿರು ಬಟ್ಟೆಯಡಿಯಲ್ಲಿ ಹೊಸೆದ ದಾರ ಅದು. ಮನೆಗೆ ಬಂದು ಗಂಜಿ ಮೇಣ ಹಾಕಿ ಒಣಗಿಸಿದ್ದರು. ಕಾಯಿಯ ನೆತ್ತಿಗೆ ದಾರವಿಟ್ಟು ಒಂದೇ ಸಲ ಎಳೆದರು. ಕುಂಬಳಕಾಯಿ ಎರಡು ಸಮ ಹೋಳಾಗಿ ಜಗಲಿಯ ಮೇಲೆ ಬಿತ್ತು. ಮಧ್ಯಾಹ್ನ ಬೀದಿಗೆಲ್ಲ ಅದರದೇ ಹುಳಿ. ನಾನು ಮೂರು ಸಲ ಬಡಿಸಿಕೊಂಡೆ.